ಎಲಡ್ಕೆ ಚೀಲದಲ್ಲಿ ಡಾಕ್ಟ್ರ ಚೀಟಿ

ನಮ್ಮತ್ತೆ ಎಲಡ್ಕೆ ಚೀಲದಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಜೊತೆಗೆ ಡಾಕ್ಟ್ರು ಬರೆದ ಚೀಟಿನೂ ಇರ್ತದೆ. ನಾಕು ಮಡಿಕೆ ಮಡಚಿ, ಮೂಲೇಲಿ ಸುಣ್ಣ ಮೆತ್ಕಂಡು, ಅರ್ಧ ಅಕ್ಷರ ಅಳಿಸೋಗಿರ್ತವೆ. ಡಾಕ್ಟ್ರು ಏನು ಹೇಳಿದ್ರು ಅಂತ ಮೆಡಿಕಲ್ ಸ್ಟೋರಿನೋರಿಗೆ ತಿಳಿಯೋದು ಆ ಚೀಟಿಯಿಂದ್ಲೇ. ಮೆಡಿಕಲ್‌ನೋರು ಏನು ಕೊಟ್ರು ಅಂತ ಡಾಕ್ಟ್ರಿಗೆ ತಿಳಿಯಕ್ಕೆ ದಾರೀನೇ ಇಲ್ಲ.

ಹೋದ ವರ್ಷ ಏನಾಯ್ತು ಕೇಳಿ. ಅತ್ತೆ ಬಿಪಿಗೆ ಅಂತ ಒಂದು ಕಡೆ ಪುಕ್ಕಟೆ ಮಾತ್ರೆ ತಗೋತಿದ್ರು. ನೆಂಟರ ಮನೆ ಮದುವೆಗೆ ಹೋದಾಗ ತಲೆ ಸುತ್ತು ಬಂದು, ಆ ಊರಿನ ಡಾಕ್ಟ್ರಿಗೆ ತೋರಿಸಿದ್ರು. ಅವರೂ ಬಿಪಿ ಮಾತ್ರೆ ಬರೆದ್ರು. ‘ಬೇರೆ ಏನಾದ್ರೂ ತಗೋತಿದ್ದೀರೇನಮ್ಮ?’ ಅಂತ ಕೇಳಿದ್ದಕ್ಕೆ ಅತ್ತೆ, ‘ಒಂದು ಬಿಳೀದು ಸ್ವಾಮಿ’ ಅಂದವ್ರೆ. ಬಿಳೀದು ಅಂದ್ರೆ ಯಾವುದು ಅಂತ ತಿಳ್ಕೊಳಕ್ಕೆ ಆತ ಏನು ಜೋಯಿಸರೇ?

ಮನೇಲಿ ಎರಡನ್ನೂ ದಿನಾ ನುಂಗಿದ್ರು. ಮೂರು ವಾರಕ್ಕೆ ಕಾಲು ಊದ್ಕತ್ತು, ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳೋದು. ಒಂದಿನ ಬೆಳಿಗ್ಗೆ ಎದ್ದವ್ರು ಬಾಗಿಲ ಚೌಕಟ್ಟು ಹಿಡ್ಕಂಡು ಅಲ್ಲೇ ಕುಸಿದ್ರು. ಆಗ ನನ್ನ ಮಗಳು ಎರಡೂ ಶೀಟು ಪಕ್ಕಪಕ್ಕ ಇಟ್ಟು ಸಣ್ಣಕ್ಷರ ಓದಿದ್ಳು. ಎರಡೂ ಅಮ್ಲೋಡಿಪಿನ್, 5 ಮಿಲಿಗ್ರಾಂ. ಒಂದರ ಮೇಲೆ ಔಷಧೀದೇ ಹೆಸರು, ಇನ್ನೊಂದರ ಮೇಲೆ ಕಂಪನಿ ಇಟ್ಟ ಹೆಸರು ದಪ್ಪಕ್ಕೆ. ಡಾಕ್ಟ್ರು ಒಂದನ್ನ ನಿಲ್ಲಿಸಿದ್ರು, ಊತ ಇಳೀತು.

ಊತ ಇಳೀತು, ಮಾತು ಇಳೀಲಿಲ್ಲ. ‘ಓದಿದ ಸೊಸೆ ಮನೇಲಿದ್ದೂ ನೋಡ್ಕೋಬಾರದಾಗಿತ್ತಾ?’ ಅಂತ ಬಂದೋರೆಲ್ಲ ನನ್ನೇ ಅಂದ್ರು. ಇದನ್ನ ನಾನು ಒಪ್ಪಕ್ಕಿಲ್ಲ. ಇಬ್ರು ಡಾಕ್ಟ್ರು, ಒಬ್ರು ಮೆಡಿಕಲ್‌ನೋರು, ಓದಿ ಪಾಸಾದ ಮೂರು ಜನರ ಮಧ್ಯೆ ಸುದ್ದಿ ಹೊರೋ ಕೆಲಸ ಎಪ್ಪತ್ತು ದಾಟಿದ ಹೆಂಗಸಿಗೋ, ಒಲೆ ಮುಂದಿರೋ ಸೊಸೆಗೋ ಯಾಕೆ?

ನಮ್ಮ ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪಿನ ಹರಾಜು ನೋಡಿ. ಯಾವ ರೈತರ ಬೇಲು, ಎಷ್ಟು ತೂಕ, ಯಾರು ಕೊಂಡ್ರು, ಎಲ್ಲಾ ಕಂಪ್ಯೂಟರಿಗೆ ಹತ್ತುತದೆ. ಆರೋಗ್ಯ ಕೆಡಿಸೋ ಸೊಪ್ಪಿಗೆ ಇಷ್ಟು ಲೆಕ್ಕ, ಉಳಿಸೋ ಮಾತ್ರೆಗೆ ಎಲಡ್ಕೆ ಚೀಲ!

ಕಾನೂನು ಇಲ್ವಾ ಅಂದ್ರೆ ಅದೆ. 1945ರ ಔಷಧ ನಿಯಮದ ಪ್ರಕಾರ ಶೆಡ್ಯೂಲ್ ಎಚ್ ಮಾತ್ರೆ ಬರೆದಿದ್ರೆ, ಅದರ ಬದಲು ಬೇರೇದನ್ನ ಅಂಗಡಿಯೋರು ತಾವಾಗೇ ಕೊಡಂಗಿಲ್ಲ, ಒಳಗಿನ ಔಷಧಿ ಅದೇ ಆಗಿದ್ರೂ ಸೈತ. ಸ್ಟಾಕ್ ಇಲ್ಲದಿದ್ರೆ ಡಾಕ್ಟ್ರನ್ನ ಕೇಳಬೇಕು. ಹೆಂಗೆ ಕೇಳೋದು? ಡಾಕ್ಟ್ರ ಮುಂದೆ ಐವತ್ತು ಜನ ಕೂತಿರ್ತಾರೆ, ಫೋನ್ ಎತ್ತಕ್ಕಾಗಲ್ಲ. 2014ರ ಮಾರ್ಚಿಂದ ಶೆಡ್ಯೂಲ್ ಎಚ್1 ಅಂತ ಬಂತು. ಕೆಲವು ಆಂಟಿಬಯಾಟಿಕ್, ಕ್ಷಯದ ಔಷಧಿ ಮಾರಿದ್ರೆ ಡಾಕ್ಟ್ರ ಹೆಸರು, ರೋಗಿ ಹೆಸರು ಬರೆದು ಆ ಪುಸ್ತಕ ಮೂರು ವರ್ಷ ಇಟ್ಕಂಡಿರಬೇಕು. ಒಳ್ಳೇದೇ. ಆದ್ರೆ ಆ ಪುಸ್ತಕ ಇನ್‌ಸ್ಪೆಕ್ಟರ್ ನೋಡಕ್ಕೆ, ಡಾಕ್ಟ್ರು ನೋಡಕ್ಕಲ್ಲ.

2021ರ ಸೆಪ್ಟೆಂಬರ್ 27ಕ್ಕೆ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಂತ ದೇಶಕ್ಕೆಲ್ಲಾ ಶುರು ಮಾಡ್ತು. ಅತ್ತೆಗೂ 14 ಅಂಕಿಯ ಆಭಾ ನಂಬರ್ ಮಾಡಿಸಿದ್ದೀವಿ. ಟ್ರಂಕಲ್ಲಿ ರೇಷನ್ ಕಾರ್ಡ್ ಪಕ್ಕ ಮಲಗದೆ. ಇವತ್ತಿನವರೆಗೂ ಯಾವ ಮೆಡಿಕಲ್‌ನೋರೂ ನಮ್ಮನ್ನ ಅದನ್ನ ಕೇಳಿಲ್ಲ. ಎಸ್ಟೋನಿಯಾ ಅಂತ ಪುಟ್ಟ ದೇಶ, 2010ರಿಂದ ಅಲ್ಲಿ ಡಾಕ್ಟ್ರು ಬರೆದದ್ದು ಕಂಪ್ಯೂಟರಲ್ಲೇ ಇರ್ತದೆ. ಗುರುತಿನ ಚೀಟಿ ತೋರಿಸಿದ್ರೆ ಯಾವ ಔಷಧಿ ಅಂಗಡೀಲಾದ್ರೂ ಮಾತ್ರೆ ಸಿಕ್ತದೆ.

‘ವಾಟ್ಸಾಪಲ್ಲಿ ಫೋಟೋ ಕಳಿಸಿದ್ರಾಯ್ತಲ್ಲ’ ಅಂತೀರಾ? ಅದು ಚೀಟಿ ಚಿತ್ರ ಅಷ್ಟೇ. ಈ ಮಾತ್ರೆ ಆಗ್ಲೇ ತಿಂತಾವ್ರೆ ಅಂತ ಅದು ಹೇಳಕ್ಕಿಲ್ಲ. ಮೇಲಾಗಿ ಯಾರ ಮನೆ ಹೆಣ್ಮಗಳು ಯಾವ ಮಾತ್ರೆ ತಗೋತಾಳೆ ಅನ್ನೋದು ಅಂಗಡಿ ಹುಡುಗನ ಫೋನಲ್ಲಿ ಉಳೀತದೆ.

ಆ ಭಯ ನನಗೂ ಅದೆ. ಅದಕ್ಕೇ ಎಂಥ ದಾರಿ ಬೇಕು ಅಂತ ನಾವೇ ಹೇಳಬೇಕು. ಔಷಧಿ ಹೆಸರು, ಪ್ರಮಾಣ, ಎಷ್ಟು ದಿನ, ಇಷ್ಟು ಹೋದ್ರೆ ಸಾಕು. ಅಂಗಡಿಯೋರು ಕೇಳಿದ ಪ್ರಶ್ನೆ ಡಾಕ್ಟ್ರಿಗೆ ಮುಟ್ಟಬೇಕು, ಉತ್ತರ ಅವತ್ತೇ ವಾಪಸ್ ಬರಬೇಕು. ನಾವು ಒಪ್ಪದೆ ಯಾರೂ ತೆಗೆದು ನೋಡಕೂಡದು, ಕಂಪನಿಯೋರಿಗಂತೂ ಕಾಣಕೂಡದು. ಫೋನಿಲ್ಲದ ಅಜ್ಜಿಗೂ ಒಂದು ಕಾರ್ಡಲ್ಲಿ ಕೆಲಸ ಆಗಬೇಕು. ಕರೆಂಟು ಹೋದ ದಿನಕ್ಕೆ ಕಾಗದದ ಚೀಟಿ ಇದ್ದೇ ಇರಲಿ.

ಅಲ್ಲೀವರೆಗೆ ನಾನೊಂದು ಹಳೇ ಬಿಸ್ಕತ್ ಡಬ್ಬಿಗೆ ಅತ್ತೆಯ ಅಷ್ಟೂ ಮಾತ್ರೆ ಶೀಟು ಹಾಕಿದ್ದೀನಿ. ಡಾಕ್ಟ್ರ ಹತ್ರ ಹೋದ್ರೂ, ಮೆಡಿಕಲ್‌ಗೆ ಹೋದ್ರೂ ಆ ಡಬ್ಬಿ ಕಂಕುಳಲ್ಲಿ. ನೀವೂ ಮಾಡಿ. ಆದ್ರೆ ಇದನ್ನ ‘ಸೊಸೆ ಜಾಣತನ’ ಅಂತ ಹೊಗಳಬೇಡಿ. ಇದು ಸರ್ಕಾರದ ಕೆಲಸ, ಅದು ಮಾಡೋವರೆಗೆ ನಾನು ಹೊರ್ತಾ ಇದ್ದೀನಿ ಅಷ್ಟೇ.