ಬಾಗಿಲ ತಳ್ಳಾಟ ನೋಡೋರು ಬೋಗಿ ಎಷ್ಟಿವೆ ಅಂತಾನೂ ಎಣಿಸಲಿ

ಇದು ಸ್ವಲ್ಪ ಉದ್ದದ ಪೋಸ್ಟು. ಒಳಮೀಸಲಾತಿ, ಫುಟ್‌ಬಾಲ್, ರೈಲು ಮೂರೂ ಇದರಲ್ಲಿ ಬರುತ್ತೆ. ಎತ್ತಣ ಮಾಮರ ಎತ್ತಣ ಕೋಗಿಲೆ ಅನ್ನಬೇಡಿ, ಪೂರ್ತಿ ಓದಿ ಆಮೇಲೆ ಬೈಯಿರಿ.

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳ ಒಳವರ್ಗೀಕರಣವನ್ನು 6-1 ಬಹುಮತದಿಂದ ಎತ್ತಿಹಿಡಿಯಿತು. ಆ ತೀರ್ಪಿನ ಪರವಾಗಿ ನಾನು ಬೀದಿಯಲ್ಲಿ ನಿಂತವನು, ಈಗಲೂ ಅದರ ಪರ. ಆದರೆ ಆ ತೀರ್ಪಿನೊಳಗೆ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರು ಕೊಟ್ಟ ಒಂದು ಹೋಲಿಕೆ ಇದೆ. ಒಳವರ್ಗೀಕರಣ ವಿರೋಧಿಸುವವರ ಮನಸ್ಥಿತಿ ರೈಲಿನ ಜನರಲ್ ಬೋಗಿಯ ಪ್ರಯಾಣಿಕರ ಥರ ಅಂತ. ಹೊರಗಿದ್ದಾಗ ಹೇಗಾದರೂ ಒಳಗೆ ನುಗ್ಗಬೇಕು ಅಂತ ಒದ್ದಾಡ್ತಾರೆ, ಒಳಗೆ ಹೋದ ಮೇಲೆ ಹೊರಗಿನವರನ್ನು ತಡೆಯೋಕೆ ನಿಲ್ತಾರೆ ಅನ್ನೋದು ಅದರ ತಾತ್ಪರ್ಯ. ಆಮೇಲೆ 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳ ವಿಚಾರಣೆಯಲ್ಲಿ ನ್ಯಾಯಮೂರ್ತಿ ಸೂರ್ಯಕಾಂತ್ ಅವರೂ ಮೀಸಲಾತಿಯನ್ನು ರೈಲು ಬೋಗಿಗೇ ಹೋಲಿಸಿದರು. ಈಗ ಟಿವಿ ಚರ್ಚೆಯಲ್ಲಿ ಕೂರೋ ಪ್ರತಿಯೊಬ್ಬರಿಗೂ ಈ ಬೋಗಿಯ ಮಾತು ಬಾಯಿಪಾಠ ಆಗಿದೆ.

ಗವಾಯಿ ಅವರು ನಮ್ಮ ನಡುವಿನಿಂದಲೇ ಅಲ್ಲಿಯವರೆಗೆ ಹೋದವರು, ಅವರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳ್ತೀನಿ. ಜನರಲ್ ಬೋಗೀಲಿ ನಡೆಯೋದು ಅಷ್ಟೇ ಅಲ್ಲ. ಅದರಲ್ಲಿ ಓಡಾಡೋ ನಮಗೆ ಗೊತ್ತಿರೋದನ್ನೂ ಒಂದಿಷ್ಟು ಕೇಳಿ.

ನಾನು ಪೀಣ್ಯ 2ನೇ ಹಂತದ ಒಂದು ಮಷಿನ್ ಶಾಪ್‌ನಲ್ಲಿ ಸಿಎನ್‌ಸಿ ಓಡಿಸ್ತೀನಿ. ಸಂಜೆ, ಭಾನುವಾರ ಸಂಘಟನೆ. ಇದರ ಜೊತೆ ಇನ್ನೊಂದು ಹುಚ್ಚು ಫುಟ್‌ಬಾಲ್. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗಿಂದ ಕೈಲಾದಾಗೆಲ್ಲ ಅದರ ಪಂದ್ಯಕ್ಕೆ ಹೋಗ್ತೀನಿ. "ಅದು ಜಿಂದಾಲ್ ಕಂಪನಿ ಟೀಮು ಕಣೋ, ಅದಕ್ಯಾಕೆ ಗಂಟಲು ಹರ್ಕೊಳ್ತೀಯ" ಅಂತ ನಮ್ಮ ಸಂಗಾತಿಗಳೇ ರೇಗಿಸ್ತಾರೆ. ಮಾಲೀಕರು ಯಾರು ಅಂತ ನನಗೂ ಗೊತ್ತು. ಆದರೆ ಈ ಊರಲ್ಲಿ ಫುಟ್‌ಬಾಲ್ ಯಾರದು ಅಂತಾನೂ ಗೊತ್ತು. ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ. ಅಲ್ಲಿ ಬುದ್ಧ, ಬಾಬಾಸಾಹೇಬ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆ ನಿಂತಿದೆ. ಬಾಬಾಸಾಹೇಬರ ಪಕ್ಕ ಒಬ್ಬ ಕಪ್ಪು ಆಟಗಾರನನ್ನು ನಿಲ್ಲಿಸಿದ ಆ ಕೇರಿಯ ಜನಕ್ಕೆ ಯಾರೂ ರಾಜಕೀಯ ಪಾಠ ಮಾಡೋ ಅಗತ್ಯ ಇಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ ಹೊಡೆದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಆ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದವರು.

ಈಗ ರೈಲಿಗೆ ಬರ್ತೀನಿ.

2024ರ ಅಕ್ಟೋಬರ್ 25, ಶುಕ್ರವಾರ, ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪಂದ್ಯ. ಶುರುವಾಗೋದು ಸಂಜೆ 7.30ಕ್ಕೆ. ಐಟಿಯವರಿಗೆ ಶನಿವಾರ, ಭಾನುವಾರ ರಜೆ. ನಮಗೆ ವಾರದ ರಜೆ ಭಾನುವಾರ ಒಂದೇ. ಅಂದ್ರೆ ಶುಕ್ರವಾರವೂ ಹೋಯ್ತು, ಶನಿವಾರವೂ ಹೋಯ್ತು, ಎರಡು ದಿನದ ಸಂಬಳ ಕಟ್. ಪಂದ್ಯದ ಪಟ್ಟಿ ಬಂದು, ರಜೆ ಕೇಳಿ, ದುಡ್ಡು ಹೊಂಚೋ ಹೊತ್ತಿಗೆ ರಿಸರ್ವೇಶನ್ ಎಲ್ಲ ವೇಟಿಂಗ್ ಲಿಸ್ಟ್. ಆಗ ನಾಲ್ಕು ತಿಂಗಳ ಮೊದಲೇ ಟಿಕೆಟ್ ತೆಗೆದಿಡೋ ಅವಕಾಶ ಇತ್ತು (ಆ ನವೆಂಬರ್ 1ರಿಂದ ಅದನ್ನು 60 ದಿನಕ್ಕೆ ಇಳಿಸಿದ್ರು). ಮುಂದಿನ ತಿಂಗಳು ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲದ ಕಾಂಟ್ರ್ಯಾಕ್ಟ್ ಹುಡುಗ ನಾಲ್ಕು ತಿಂಗಳು ಮುಂದಿನ ಪ್ರಯಾಣ ಹೇಗೆ ಗೊತ್ತು ಮಾಡ್ತಾನೆ? ಇನ್ನು ತತ್ಕಾಲ್. ನಾನ್ ಎಸಿ ತತ್ಕಾಲ್ ತೆರೆಯೋದು ಹಿಂದಿನ ದಿನ ಬೆಳಿಗ್ಗೆ 11ಕ್ಕೆ. ಆ ಹೊತ್ತಲ್ಲಿ ನನ್ನ ಫೋನು ಲಾಕರ್‌ನಲ್ಲಿ, ನಾನು ಮಷಿನ್ ಮುಂದೆ. ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡೋನಿಗೆ ತತ್ಕಾಲ್ ಸಿಗುತ್ತೆ, ನಿಂತು ಕೆಲಸ ಮಾಡೋನಿಗೆ ಸಿಗಲ್ಲ.

ಹೀಗಾಗಿ ನಾವು ಮೂವರು ಬೆಳಿಗ್ಗೆ ಕಾರ್ಮೆಲರಾಮ್‌ನಲ್ಲಿ ಇನ್ನೂರರ ಆಸುಪಾಸಿನ ಜನರಲ್ ಟಿಕೆಟ್ ತಗೊಂಡು ನಿಂತ್ವಿ. ಒಬ್ಬ ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಒಂದರಲ್ಲಿ ಸೆಕ್ಯೂರಿಟಿ, ಇನ್ನೊಬ್ಬ ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆ ಒಂದರಲ್ಲಿ ಕಾಂಟ್ರ್ಯಾಕ್ಟ್ ಕೆಲಸಗಾರ. ಕೊರಳಲ್ಲಿ ನೀಲಿ ಸ್ಕಾರ್ಫು. ಗಾಡಿ ಬಂತು. ಜನರಲ್ ಬೋಗಿ ಬಾಗಿಲಲ್ಲಿ ಜೇನುಗೂಡಿನ ಹಾಗೆ ಜನ. "ಜಾಗ ಇಲ್ಲ, ಮುಂದೆ ಹೋಗ್ರಿ" ಅಂದ್ರು. ನ್ಯಾಯಮೂರ್ತಿಗಳು ಹೇಳಿದ ತಳ್ಳಾಟ ಇದೇ. ಅದು ಸುಳ್ಳಲ್ಲ, ನನ್ನ ಮೊಣಕೈಗೆ ಆದ ಗಾಯವೇ ಸಾಕ್ಷಿ.

ಆದರೆ ಅವರು ಹೇಳಿದ್ದು ಆ ಎರಡು ನಿಮಿಷದ ಕತೆ ಮಾತ್ರ. ಗಾಡಿ ಹೊರಟ ಮೇಲೆ ಏನಾಗುತ್ತೆ ಕೇಳಿ. ಹೊಸೂರಿನಲ್ಲಿ ಒಬ್ಬ ಅಜ್ಜಿ ಹೂವಿನ ಬುಟ್ಟಿ ಹೊತ್ತು ಬಂದ್ರು. ಬಾಗಿಲಲ್ಲಿದ್ದವನು ಮತ್ತೆ ಜಾಗ ಇಲ್ಲ ಅಂದ. ಒಳಗಿಂದ ಯಾರೋ, "ಏಯ್, ಹತ್ತಿಸ್ಕೊಳಪ್ಪಾ" ಅಂದ್ರು. ಬುಟ್ಟಿ ತಲೆಯಿಂದ ತಲೆಗೆ ದಾಟಿ ಮೇಲೆ ಸಾಮಾನಿನ ಹಲಗೆಗೆ ಹೋಯ್ತು, ಅಜ್ಜಿ ಸೀಟಿಗೆ ಹೋದ್ರು. ಸೇಲಂ ದಾಟೋ ಹೊತ್ತಿಗೆ ನಾಲ್ಕು ಜನರ ಸೀಟಲ್ಲಿ ಏಳು ಜನ, ಅಸ್ಸಾಮಿನ ಹುಡುಗನ ತೊಡೆ ಮೇಲೆ ಧರ್ಮಪುರಿ ಕಡೆಯ ಮಗು, ಎರಡು ಕಂಬಿಗಳ ನಡುವೆ ಸೀರೆಯ ಜೋಲಿ. ಬೆಂಗಳೂರಿನವರು ಎಲ್ಲದಕ್ಕೂ ಹೇಳ್ತಾರಲ್ಲ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ, ಆ ಮಾತು ನಿಜವಾಗಿ ಪಾಲನೆ ಆಗೋದು ಜನರಲ್ ಬೋಗಿಯಲ್ಲಿ. ರಿಸರ್ವೇಶನ್ ಬೋಗೀಲಿ ಯಾರೂ ಯಾರನ್ನೂ ತಳ್ಳಲ್ಲ, ನಿಜ. ಅಲ್ಲಿ ತಳ್ಳೋ ಅಗತ್ಯವೇ ಇಲ್ಲ, ಬಾಗಿಲಿಗೆ ಒಳಗಿನಿಂದ ಚಿಲಕ ಇರುತ್ತೆ. ಸಭ್ಯತೆ ಅಂತ ಕಾಣೋದು ಎಷ್ಟೋ ಸಲ ಬರೀ ಚಿಲಕ.

ಇನ್ನೊಂದು ಕತೆ. ಒಂದು ಸ್ಟೇಷನ್ನಲ್ಲಿ ನೀರು ಹಿಡಿಯೋಕೆ ಇಳಿದಿದ್ವಿ. ಪಕ್ಕದ ಬೋಗಿಯ ಕನ್ನಡದವರೇ ಒಬ್ಬರು ನಮ್ಮ ಕೊರಳು ನೋಡಿ, ನಮಗೆ ಕೇಳೋ ಹಾಗೇ, "ನೀಲಿ ಬಟ್ಟೆ ಹಾಕ್ಕೊಂಡ್ರೆ ಟಿಕೆಟ್ಟೇ ಬೇಡ ಇವರಿಗೆ" ಅಂದ್ರು. ಡಿಸೆಂಬರ್ 6ಕ್ಕೆ ಚೈತ್ಯಭೂಮಿಗೆ ಹೋಗಿಬಂದವರಿಗೆ ಈ ಮಾತು ಹೊಸದಲ್ಲ. ನನ್ನ ಗೆಳೆಯ ಸ್ಕಾರ್ಫ್ ಬಿಡಿಸಿ ತೋರಿಸಿದ. ಅದರ ಮೇಲೆ ಕ್ಲಬ್ಬಿನ ಲಾಂಛನ. ಅವರ ಮುಖ ಅರಳಿತು. "ಓ, ಬಿಎಫ್‌ಸಿ! ಛೇತ್ರಿ ಆಡ್ತಾನಾ ಇವತ್ತು? ನನ್ನ ಮಗನೂ ಫ್ಯಾನು." ಕೈ ಬೇರೆ ಕೊಟ್ರು. ಬಟ್ಟೆ ಅದೇ, ಬಣ್ಣ ಅದೇ, ಜೇಬಲ್ಲಿದ್ದ ಟಿಕೆಟ್ಟೂ ಅದೇ. ಒಂದು ಕಂಪನಿಯ ಟೀಮಿನ ಹೆಸರು ಸಿಕ್ಕಿದ ತಕ್ಷಣ ಆ ನೀಲಿಗೆ ಮರ್ಯಾದೆ ಬಂತು.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಮಸೂರು ಸ್ಟೇಷನ್ ನೆನಪಿರುತ್ತೆ. 1901ರಲ್ಲಿ, ಒಳ್ಳೆ ಬಟ್ಟೆ ಹಾಕ್ಕೊಂಡು ಅಪ್ಪನ ಊರಿಗೆ ಹೊರಟಿದ್ದ ಮಕ್ಕಳನ್ನು ಸ್ಟೇಷನ್ ಮಾಸ್ತರ ಮೊದಲು ಚೆನ್ನಾಗಿಯೇ ಮಾತಾಡಿಸ್ತಾನೆ. ಮಹಾರರು ಅಂತ ಗೊತ್ತಾದ ಕ್ಷಣ ಮುಖ ಬದಲಾಗುತ್ತೆ. ಗಾಡಿಯವರು ಬರೋಕೆ ಒಪ್ಪಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯಬೇಕಾಗುತ್ತೆ. ನಮಗೆ ಆಗಿದ್ದು ಅದರ ತಿರುಗುಮುರುಗು. ಮೊದಲು ಅಸಹ್ಯ, ಆಮೇಲೆ ನಗು. ಬಟ್ಟೆ ನೋಡಿ ಮನುಷ್ಯನ ಬೆಲೆ ಕಟ್ಟೋ ಕಣ್ಣು ಮಾತ್ರ ಅದೇ.

ಗಾಡಿ ತಡವಾಯ್ತು. ಕಲೂರಿನ ಸ್ಟೇಡಿಯಂ ಗೇಟಿನ ಹೊರಗೇ ಇದ್ವಿ, ಪಂದ್ಯ ಶುರುವಾಗಿತ್ತು. ಒಳಗೆ ಮೊರೆಯುತ್ತಿದ್ದ ಹಳದಿ ಜನಸಾಗರ ಇದ್ದಕ್ಕಿದ್ದಂತೆ ಸುಮ್ಮನಾಯ್ತು. ನಮ್ಮವರು ಗೋಲು ಹೊಡೆದರು ಅಂತ ಆ ಮೌನದಿಂದಲೇ ತಿಳ್ಕೊಂಡ್ವಿ. ಎಂಟನೇ ನಿಮಿಷ, ಪೆರೇರಾ ಡಿಯಾಸ್. ಕೊನೆಗೆ 3-1ಕ್ಕೆ ಗೆದ್ವಿ. ರಾತ್ರಿ ಪ್ಲಾಟ್‌ಫಾರ್ಮ್ ಮೇಲೆ ಪೇಪರ್ ಹಾಸ್ಕೊಂಡು ಮಲಗಿ, ಬೆಳಿಗ್ಗೆಯ ಗಾಡಿ ಹಿಡಿದು, ಶನಿವಾರ ರಾತ್ರಿ ಊರು ಸೇರಿದ್ವಿ. ಹೇಳದೆ ಎರಡು ದಿನ ತಪ್ಪಿಸಿದ ಅಂತ ಆ ಸೆಕ್ಯೂರಿಟಿ ಗೆಳೆಯನಿಗೆ ಏಜೆನ್ಸಿಯವರು ತಿಂಗಳು ಪೂರ್ತಿ ರಾತ್ರಿ ಪಾಳಿ ಹಾಕಿದ್ರು. ಅವನು ಹೇಳಿಯೇ ಬಂದಿದ್ದ, ಆದರೆ ಬಾಯಿಮಾತು. ಬರೆದು ಕೊಡೋಕೆ ಅವನಿಗೆ ರಜೆ ಅನ್ನೋದೇ ಇಲ್ಲ.

ಇದೆಲ್ಲ ಯಾಕೆ ಹೇಳಿದೆ ಅಂದ್ರೆ, ಕೊಚ್ಚಿಗೂ ನಮ್ಮ ಈ ಬೆಲ್ಟಿಗೂ ಇನ್ನೊಂದು ಹಳೇ ಸಂಬಂಧ ಇದೆ. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಫೈನಲ್ ನಡೆದಿದ್ದು ಎರ್ನಾಕುಲಂನಲ್ಲಿ. ಗೆದ್ದಿದ್ದು ಯಾರು ಗೊತ್ತಾ? ವೈಟ್‌ಫೀಲ್ಡ್ ದಾರಿಯಲ್ಲಿ ಕೆ.ಆರ್. ಪುರದ ಪಕ್ಕ ದೂರವಾಣಿನಗರದಲ್ಲಿರೋ ಐಟಿಐ ಕಾರ್ಖಾನೆ ಟೀಮು. ಫೋನ್ ತಯಾರಿಸೋ ಕಾರ್ಖಾನೆಯ ಹುಡುಗರು ಮೋಹನ್ ಬಗಾನ್ ಅಂಥ ಮೋಹನ್ ಬಗಾನನ್ನೇ 1-0ಗೆ ಸೋಲಿಸಿದ್ರು. ಐಟಿಐ, ಎಚ್‌ಎಎಲ್ ಅಂಥ ಸಾರ್ವಜನಿಕ ಉದ್ಯಮಗಳು ಇದ್ದಾಗ ಕೇರಿಯಲ್ಲಿ ಚೆನ್ನಾಗಿ ಆಡೋ ಹುಡುಗನಿಗೆ ಕಾಯಂ ಕೆಲಸ, ಕ್ವಾರ್ಟರ್ಸು, ಸಂಬಳ ಕಟ್ ಆಗದ ರಜೆ ಸಿಗೋ ದಾರಿ ಇತ್ತು. ಅಲ್ಲಿ ಮೀಸಲಾತಿಯೂ ಇತ್ತು. ನಮ್ಮ ಜನ ಮೊದಲ ಸಲ ಸಂಬಳದ ಚೀಟಿ ನೋಡಿದ್ದು ಆ ಗೇಟುಗಳ ಒಳಗೆ.

ಈಗ ಅದೇ ರಸ್ತೆಯಲ್ಲಿ ಮುಂದೆ ಹೋಗಿ. ಗಾಜಿನ ಕಟ್ಟಡಗಳು. ಅಲ್ಲಿ ಮೀಸಲಾತಿ ಇಲ್ಲ. ಆದರೆ ಗೇಟಲ್ಲಿ ನಿಂತವರು, ಕಕ್ಕಸು ತೊಳೆಯೋರು, ಕ್ಯಾಂಟೀನಲ್ಲಿ ತಟ್ಟೆ ಎತ್ತೋರು ಯಾರು ಅಂತ ಕೇಳಿ ನೋಡಿ, ಯಾವ ಆದೇಶವೂ ಇಲ್ಲದೆ ಅಲ್ಲಿ ನೂರಕ್ಕೆ ನೂರು 'ಮೀಸಲು' ಕಾಣುತ್ತೆ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಪಾಲು ಕೊಡೋ ಮಸೂದೆಗೆ ರಾಜ್ಯ ಸಂಪುಟ ಒಪ್ಪಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ್ರು, ಎರಡು ಮೂರು ದಿನದಲ್ಲೇ ಮಸೂದೆ ತಡೆ ಹಿಡಿದರು. ಅದು ಜಾತಿ ಆಧಾರದ ಮೀಸಲಾತಿಯೂ ಅಲ್ಲ, ಬರೀ ಸ್ಥಳೀಯರಿಗೆ. ಆ ಬಾಗಿಲಿನ ಚಿಲಕ ಎಷ್ಟು ಗಟ್ಟಿ ಅಂತ ಲೆಕ್ಕ ಹಾಕಿ.

ರೈಲಿನಲ್ಲೂ ಇದೇ. 2025ರ ನವೆಂಬರ್ 8ರಂದು ಬೆಂಗಳೂರು-ಎರ್ನಾಕುಲಂ ವಂದೇ ಭಾರತ್‌ಗೆ ಚಾಲನೆ ಸಿಕ್ತು. ಸಂತೋಷ, ಬೇಗ ಹೋಗಬಹುದು. ಆದರೆ ಆ ರೈಲಲ್ಲಿ ಜನರಲ್ ಬೋಗಿ ಎಷ್ಟು? ಒಂದೂ ಇಲ್ಲ. ಪೂರ್ತಿ ಎಸಿ. ಹೊಸ ಗಾಡಿ ಬಂತು, ನಮ್ಮ ಬಾಗಿಲ ತಳ್ಳಾಟ ಹಾಗೇ ಉಳಿಯಿತು. ಗಾಡಿ ಹೆಚ್ಚಿದ ಮಾತ್ರಕ್ಕೆ ನಮ್ಮ ಬೋಗಿ ಹೆಚ್ಚೋದಿಲ್ಲ. ಖಾಸಗಿ ಕೆಲಸಗಳು ಹೆಚ್ಚಿದ ಮಾತ್ರಕ್ಕೆ ನಮ್ಮ ಪಾಲು ಹೆಚ್ಚದ ಹಾಗೆಯೇ.

ಅದಕ್ಕೇ ನ್ಯಾಯಾಲಯದ ಆ ಹೋಲಿಕೆ ಅರ್ಧಕ್ಕೇ ನಿಂತಿದೆ ಅನ್ನೋದು. ಬಾಗಿಲಲ್ಲಿ ತಳ್ಳೋರ ಮನಸ್ಥಿತಿ ಅಳೆದವರು, 20-22 ಬೋಗಿಯ ಗಾಡಿಗೆ ಜನರಲ್ ಬೋಗಿ ಎರಡೋ ನಾಲ್ಕೋ ಅಂತ ತೀರ್ಮಾನ ಮಾಡಿದವರು ಯಾರು ಅಂತ ಕೇಳಲಿಲ್ಲ.

ಇಷ್ಟು ಹೇಳಿ ನಾನು ಸುಮ್ಮನಾದರೆ ಅದು ಅನುಕೂಲದ ಮಾತಾಗುತ್ತೆ. ಬೋಗಿ ಹೆಚ್ಚಲಿ ಅನ್ನೋ ನೆಪದಲ್ಲಿ ಈಗಿರೋ ಬೋಗೀಲಿ ಜಾಗ ಬಿಡಲ್ಲ ಅನ್ನೋ ಹಾಗಿಲ್ಲ. ನಾಗಮೋಹನ್ ದಾಸ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಾಗ 59 ಅಲೆಮಾರಿ, ಅತಿ ಹಿಂದುಳಿದ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1 ಇರಲಿ ಅಂದಿತ್ತು. ಆಗಸ್ಟ್ 19ರಂದು ಸಂಪುಟ ಅದನ್ನು 6-6-5 ಅಂತ ಹಂಚಿ, ಅವರನ್ನು ಬಲಾಢ್ಯರ ಜೊತೆ ಆ 5ರ ಗುಂಪಿಗೆ ಸೇರಿಸಿತು. ಅವರು ಫ್ರೀಡಂ ಪಾರ್ಕಿನಲ್ಲಿ ಕೂತರು. ಎಡಗೈನವರು, ಬಲಗೈನವರು ನಾವು ನಮ್ಮ ನಮ್ಮ 6 ಎಣಿಸಿಕೊಂಡು ಸಿಹಿ ಹಂಚಿದ್ವಿ. ಹೂವಿನ ಬುಟ್ಟಿ ಹೊತ್ತ ಆ ಅಜ್ಜಿಯ ಜಾಗದಲ್ಲಿ ಇವತ್ತು ಪ್ಲಾಟ್‌ಫಾರ್ಮ್ ಮೇಲೆ ನಿಂತಿರೋರು ಅವರು. "ಹತ್ತಿಸ್ಕೊಳಪ್ಪಾ" ಅಂತ ಒಳಗಿನಿಂದ ಕೂಗಬೇಕಾದವರು ನಾವು. ಸರ್ಕಾರ ಕೂಗಲ್ಲ, ಕೋರ್ಟ್ ಕೂಗಲ್ಲ.

ನನ್ನ ಬೇಡಿಕೆ ಮೂರೇ. ಅಲೆಮಾರಿಗಳಿಗೆ ಪ್ರತ್ಯೇಕ ಶೇ 1 ಕೊಡಿ, ಅದಕ್ಕಾಗಿ ಎಡ-ಬಲ ಸಂಘಟನೆಗಳು ಒಂದೇ ವೇದಿಕೆಯಲ್ಲಿ ಒಂದೇ ಪತ್ರಕ್ಕೆ ಸಹಿ ಹಾಕಲಿ. ಸರ್ಕಾರದ ಜಮೀನು, ನೀರು, ತೆರಿಗೆ ರಿಯಾಯಿತಿ ತಗೊಂಡ ಪ್ರತಿ ಖಾಸಗಿ ಕಂಪನಿಯಲ್ಲೂ ಮೀಸಲಾತಿ ತನ್ನಿ, ಗೇಟಿನ ಕೆಲಸಕ್ಕಲ್ಲ, ಗೇಟಿನ ಒಳಗಿನ ಕೆಲಸಕ್ಕೆ. ಪ್ರತಿ ದೂರದ ರೈಲಿಗೂ ಜನರಲ್ ಬೋಗಿ ಹೆಚ್ಚಿಸಿ, ವಂದೇ ಭಾರತ್ ಓಡೋ ದಾರಿಯಲ್ಲಿ ಮೊದಲು.

ಫುಟ್‌ಬಾಲ್ ನೋಡೋಕೆ ಹೋಗೋದು ಐಷಾರಾಮ ಅಂತ ಯಾರಾದರೂ ಕಾಮೆಂಟ್ ಹಾಕಬಹುದು. 2023ರ ಮಾರ್ಚ್ 4ರಂದು ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ಫೈನಲ್ ಆಡಿಸಿದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಆ ಕಪ್ಪಿಗಾಗಿ ಅರ್ಧ ಶತಮಾನ ಕಾದ ಕೇರಿಯ ಹಿರಿಯರು ಅದನ್ನು ನೋಡಿದ್ದು ಮೊಬೈಲಲ್ಲಿ. ಆಟ ನಮ್ಮದು, ಬೆವರು ನಮ್ಮದು, ನೋಡೋ ಜಾಗ ಮಾತ್ರ ಬೇರೆಯವರದು ಅನ್ನೋದನ್ನ ಒಪ್ಪೋಕಾಗಲ್ಲ. ದುಡಿಯೋನಿಗೆ ಎರಡು ದಿನದ ರಜೆ, ಕೂರೋಕೆ ಒಂದು ಸೀಟು, ಇಷ್ಟ ಬಂದ ಆಟ ನೋಡೋ ಹಕ್ಕು ಇರಬೇಕು. ಘನತೆ ಅಂದ್ರೆ ಅದೂ ಸೇರಿಯೇ.

ಅಲೆಮಾರಿಗಳ ಶೇ 1ರ ಪತ್ರದ ಕರಡು ನಾನು ಬರೆದಿಟ್ಟಿದ್ದೀನಿ. ಸಹಿ ಹಾಕೋ ಸಂಘಟನೆಯವರು ಇನ್‌ಬಾಕ್ಸಿಗೆ ಬನ್ನಿ. ವಿರೋಧ ಇದ್ದರೆ ಇಲ್ಲೇ ಬರೆಯಿರಿ, ಜಗಳ ಆಡೋಣ.

ಜೈ ಭೀಮ್.