ಕಾಲಿಗೆ ತೊಡರಿದ ವಾಸುಕಿ

ಮಬ್ಬುಗತ್ತಲೆಯಲ್ಲಿ ಬಿದ್ದಿರುವ ಹಗ್ಗವನ್ನು ಹಾವೆಂದು ಬಗೆಯುವ ದೃಷ್ಟಾಂತವನ್ನು ಗೌಡಪಾದಾಚಾರ್ಯರು ಮಾಂಡೂಕ್ಯಕಾರಿಕೆಯ 2ನೆಯ ಪ್ರಕರಣದಲ್ಲಿ ಕೊಟ್ಟಿರುವರು. ಇಂಥ ಭ್ರಮೆಗೆ ಕತ್ತಲೆಯೇ ಬೇಕೆಂದಿಲ್ಲ, ಉಪ್ಪುನೀರೂ ಸಾಕು ಎಂಬುದನ್ನು ನಾವು ಕಳೆದ ಡಿಸೆಂಬರ್ ರಜೆಯಲ್ಲಿ ಗೋಕರ್ಣದ ಕಡಲತೀರದಲ್ಲಿ ಕಣ್ಣಾರೆ ಕಂಡೆವು.

ನಮ್ಮ ಭಾವನವರು ಬಯಲುಸೀಮೆಯವರು. ಬಾಲ್ಯದಲ್ಲಿ ಬೆನ್ನಿಗೆ ಸೋರೆಬುರುಡೆಯನ್ನು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಮಹಾಬಲೇಶ್ವರನ ದರ್ಶನಕ್ಕೆ ಮುಂಚೆ ಸಮುದ್ರಸ್ನಾನವಾಗಲೆಂದು ಇಬ್ಬರೂ ನೀರಿಗಿಳಿದೆವು. “ಬಾವಿಯಲ್ಲಿ ಈಜಿದವನಿಗೆ ಇದೇನು ಮಹಾ!” ಎಂದು ಅವರು ಎದೆಮಟ್ಟದ ನೀರಿನಲ್ಲಿ ಕೈ ಬೀಸಿ ನಾಲ್ಕು ಮಾರು ಹೋಗಿದ್ದರೋ ಇಲ್ಲವೋ, “ಅಯ್ಯೋ, ಹಾವು! ಕಾಲಿಗೆ ಸುತ್ತಿಕೊಂಡಿತು!” ಎಂಬ ಆರ್ತನಾದವು ಕೇಳಿಸಿತು. ಕಾಲನ್ನು ಝಾಡಿಸಿದಷ್ಟೂ ಸುತ್ತು ಬಿಗಿಯಾಯಿತು. ಮೊದಲು ಗರುಡನನ್ನು ಕರೆದರು, ಬಳಿಕ ಮನೆದೇವರನ್ನು ಕರೆದರು. ನಲವತ್ತು ವರ್ಷಗಳಿಂದ ‘ಇವಳೇ’ ಎಂದು ಮಾತ್ರ ಕರೆಯುತ್ತಿದ್ದ ನಮ್ಮ ಅಕ್ಕನನ್ನು ಕೊನೆಗೆ ಹೆಸರು ಹಿಡಿದೇ ಕೂಗಿದರು. ನಾವೂ ಧಾವಿಸಿದೆವು, ಯಾವ ದಿಕ್ಕಿಗೆಂಬುದು ಇಲ್ಲಿ ಅಪ್ರಸ್ತುತ.

ದಡದಲ್ಲಿ ಬಲೆ ಸರಿಪಡಿಸುತ್ತಿದ್ದ ವೃದ್ಧ ಬೆಸ್ತನೊಬ್ಬನು ನೀರಿಗಿಳಿದು, ಭಾವನವರ ಕಾಲನ್ನೆತ್ತಿ, ಪಾಚಿ ಹಿಡಿದ ಎರಡು ಮೊಳದ ವಸ್ತುವೊಂದನ್ನು ಬಿಡಿಸಿ ತೋರಿಸಿದನು. “ಹಾವಲ್ಲ ಭಟ್ರೆ, ಹಳೇ ಬಲೆ ಹಗ್ಗ. ಕಡಲಹಾವಿನ ಬಾಲ ಹುಟ್ಟಿನ ಹಾಗೆ ಚಪ್ಪಟೆ ಇರ್ತದೆ.” ಸಮುದ್ರಮಥನದಲ್ಲಿ ವಾಸುಕಿಯೆಂಬ ಹಾವು ಹಗ್ಗವಾಯಿತು, ಗೋಕರ್ಣದಲ್ಲಿ ಹಗ್ಗವೇ ವಾಸುಕಿಯಾಯಿತು! ದಡದಲ್ಲಿದ್ದ ಮಕ್ಕಳು ಹೊಟ್ಟೆ ಹಿಡಿದು ನಕ್ಕರು.

ಹೋದ ಮಾನವನ್ನು ಮರಳಿ ಪಡೆಯಬೇಕೆಂದು ಭಾವನವರು, “ಅಗೋ, ಅಲ್ಲಿ ಅಲೆಯೇ ಇಲ್ಲ; ಅಲ್ಲಿ ಈಜೋಣ” ಎಂದು ಎರಡು ಅಲೆಸಾಲುಗಳ ನಡುವೆ ಶಾಂತವಾಗಿದ್ದ ನೀರಿನ ಪಟ್ಟಿಯೊಂದನ್ನು ತೋರಿಸಿದರು. ಮುದುಕನ ನಗೆ ಅಲ್ಲಿಗೇ ನಿಂತಿತು. “ಅಲ್ಲಿ ಬೇಡ ಭಟ್ರೆ. ಅಲ್ಲಿ ನೀರು ಹೊರಗಡಲಿಗೆ ಎಳೀತದೆ.”

ಅವನ ಮಾತು ಶಾಸ್ತ್ರಸಮ್ಮತವಾದುದು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕಷ್ಟೆ. ಅದು ಮರಳದಿಬ್ಬಗಳ ನಡುವಣ ತಗ್ಗನ್ನು ಹಿಡಿದು ಇಕ್ಕಟ್ಟಾದ ಹೊಳೆಯಂತೆ ಹೊರಕ್ಕೆ ಹರಿಯುತ್ತದೆ. ಅಲ್ಲಿ ನೀರು ಆಳವಾದುದರಿಂದ ಅಲೆಗಳು ಒಡೆಯುವುದು ಕಡಮೆ. ಆದುದರಿಂದಲೇ ನೋಡುವವರಿಗೆ ಅದು ಸೌಮ್ಯವಾಗಿ ಕಾಣುತ್ತದೆ. ಪ್ರಬಲವಾದ ಸೆಳೆತದ ವೇಗವು ಸೆಕೆಂಡಿಗೆ 2 ಮೀಟರಿನಷ್ಟಾಗಬಹುದು. ಅದನ್ನು ಎದುರಿಸಿ ಈಜುವುದು ಒಲಿಂಪಿಕ್ ಈಜುಗಾರರಿಗೂ ಕಷ್ಟ. ಈ ಸೆಳೆತವು ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ನೇರವಾಗಿ ದಡದ ಕಡೆಗೆ ಈಜಲು ಹೆಣಗಿ ಬಸವಳಿಯುವುದೇ ಪ್ರಾಣಾಪಾಯಕ್ಕೆ ಕಾರಣ. ಸಿಕ್ಕಿಕೊಂಡವರು ಗಾಬರಿಗೊಳ್ಳದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಿದ್ದ ಮೇಲೆ ಅಲೆಗಳೊಡನೆ ಹಿಂದಿರುಗಬೇಕು. ಶಕ್ತಿ ಸಾಲದಿದ್ದರೆ ತೇಲುತ್ತ ಕೈಯೆತ್ತಿ ಸಹಾಯಕ್ಕಾಗಿ ಕೂಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಂತೂ ಈ ಕಡಲಿಗೆ ಇಳಿಯದಿರುವುದೇ ಕ್ಷೇಮ.

ಕಡಲಹಾವಿನ ವಿಷವು ತೀವ್ರವೆಂಬುದು ಸತ್ಯ. ಆದರೆ ಕೆಣಕದವರನ್ನು ಅದು ಕಚ್ಚುವುದು ಅಪರೂಪ. ಮನುಷ್ಯನ ಭಯಕ್ಕೆ ವಿವೇಕ ಸಾಲದು: ಕಾಲಿಗೆ ತಗುಲಿದುದಕ್ಕೆ ಬೆಚ್ಚುತ್ತದೆ, ಕಣ್ಣಿಗೆ ಹಿತವಾದುದನ್ನು ನಂಬುತ್ತದೆ. ಹಗ್ಗಕ್ಕೆ ಬೆದರಿದವನು ದಡಕ್ಕೆ ಬಂದು ತಾನೂ ನಗಬಹುದು. ಶಾಂತವಾದ ನೀರನ್ನು ನಂಬಿದವನಿಗೆ ಆ ಭಾಗ್ಯವು ದೊರೆಯದೆ ಹೋಗಬಹುದು. ಮಕ್ಕಳುಮರಿಗಳೊಡನೆ ಕಡಲಿಗೆ ಹೊರಟಿರುವ ಗೃಹಸ್ಥರು ನೀರಿಗಿಳಿಯುವ ಮುನ್ನ ದಡದ ಬೆಸ್ತರನ್ನು ಒಂದು ಮಾತು ಕೇಳಿಕೊಳ್ಳಲಿ. ಆ ಪಾಠಕ್ಕೆ ಅವರು ದಕ್ಷಿಣೆಯನ್ನೂ ಬೇಡುವುದಿಲ್ಲ.