ಜಡ್ಜ್ ತಪ್ಪು ಮಾಡಿದ್ರೆ ಅರ್ಜಿ ಯಾರಿಗೆ ಕೊಡೋದು?

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ, ಆಮೇಲೆ ಬೈಯಿರಿ.

ಕಳೆದ ಭಾನುವಾರ ನಮ್ಮ ಕಾಲೋನಿಯ ಅಂಬೇಡ್ಕರ್ ಭವನದಲ್ಲಿ ಸಂವಿಧಾನ ಓದು ಕಾರ್ಯಕ್ರಮ ಇತ್ತು. ಪಿಯುಸಿ ಓದ್ತಿರೋ ಹುಡುಗ ಒಬ್ಬ ಎದ್ದು ನಿಂತು ಕೇಳಿದ: "ಅಣ್ಣ, ಪೊಲೀಸರು ತಪ್ಪು ಮಾಡಿದ್ರೆ ಎಸ್ಪಿಗೆ ಅರ್ಜಿ ಕೊಡ್ತೀವಿ. ತಹಶೀಲ್ದಾರ್ ತಪ್ಪು ಮಾಡಿದ್ರೆ ಡಿಸಿಗೆ ಕೊಡ್ತೀವಿ. ಹೈಕೋರ್ಟ್ ಜಡ್ಜ್ ತಪ್ಪು ಮಾಡಿದ್ರೆ ಯಾರಿಗೆ ಕೊಡೋದು?"

ಇಪ್ಪತ್ತು ವರ್ಷದಿಂದ ಜನರಿಗೆ ಅರ್ಜಿ ಬರೆದುಕೊಟ್ಟವನು ನಾನು. ಆ ಹುಡುಗನಿಗೆ ಒಂದು ವಿಳಾಸ ಹೇಳೋಕೆ ಆಗಲಿಲ್ಲ. ಅದಕ್ಕೇ ಈ ಪೋಸ್ಟ್.

ಮೊದಲು ನನ್ನ ಕಥೆ ಹೇಳ್ತೀನಿ. ನಾನು ಸರ್ಕಾರಿ ಕಚೇರಿಯ ಗುಮಾಸ್ತ. ಪ್ರತಿ ವರ್ಷ ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿ ಸಲ್ಲಿಸಬೇಕು. ಹೆಂಡತಿ ಹೆಸರಿನ ಸೈಟು, ಮಗಳ ಮದುವೆಗೆ ಅಂತ ತೆಗೆದ ಸೊಸೈಟಿ ಸಾಲ, ಎಲ್ಲಾ ಬರೀಬೇಕು. ಒಂದು ಫೈಲು ತಡ ಆದ್ರೆ ಕಾರಣ ಕೇಳಿ ನೋಟಿಸ್. ಉತ್ತರ ಹಿಡಿಸದಿದ್ರೆ ಇಲಾಖಾ ವಿಚಾರಣೆ, ಇನ್‌ಕ್ರಿಮೆಂಟ್ ಕಟ್, ಅಮಾನತು. ಲಂಚ ಮುಟ್ಟಿದ್ರೆ ಲೋಕಾಯುಕ್ತದವರು ನೋಟಿಗೆ ಪೌಡರ್ ಹಚ್ಚಿಸಿ ಹಿಡೀತಾರೆ. ಇದೆಲ್ಲಾ ಇರಬೇಕು, ಬೇಡ ಅನ್ನಲ್ಲ. ಜನರ ದುಡ್ಡಲ್ಲಿ ಸಂಬಳ ತಗೋಳೋನು ಜನರಿಗೆ ಲೆಕ್ಕ ಕೊಡಬೇಕು.

ಹೈಕೋರ್ಟ್ ಜಡ್ಜ್ ಸಂಬಳವೂ ಜನರ ದುಡ್ಡೇ. ಸಂವಿಧಾನದ 202ನೇ ವಿಧಿ ಪ್ರಕಾರ ಅದು ರಾಜ್ಯದ ಸಂಚಿತ ನಿಧಿಯಿಂದಲೇ ಹೋಗ್ತದೆ. ಅದರ ಮೇಲೆ ವಿಧಾನಸಭೆಯಲ್ಲಿ ಮತ ಹಾಕೋ ಹಾಗಿಲ್ಲ. 211ನೇ ವಿಧಿ ಪ್ರಕಾರ ಜಡ್ಜ್ ನಡತೆ ಬಗ್ಗೆ ಅಲ್ಲಿ ಚರ್ಚೆ ಮಾಡೋ ಹಾಗೂ ಇಲ್ಲ. ಇದಕ್ಕೆ ಒಳ್ಳೇ ಕಾರಣ ಇದೆ. ಮಂತ್ರಿಗೆ ಹೆದರೋ ಜಡ್ಜ್ ನಮ್ಮಂಥವರಿಗೆ ನ್ಯಾಯ ಕೊಡಲ್ಲ. ಆದರೆ ಮಂತ್ರಿಗೆ ಹೆದರಬಾರದು ಅನ್ನೋದು ಬೇರೆ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ ಅನ್ನೋದು ಬೇರೆ.

ಈಗ ನೋಡಿ ತಮಾಷೆ. 2018ರ ಜನವರಿಯಲ್ಲಿ ಪಾರ್ಲಿಮೆಂಟು ಜಡ್ಜ್‌ಗಳ ಸಂಬಳ ಏರಿಸೋ ಕಾನೂನು ಪಾಸ್ ಮಾಡಿತು. ಹೈಕೋರ್ಟ್ ಜಡ್ಜ್‌ಗೆ 80,000 ಇದ್ದದ್ದು 2.25 ಲಕ್ಷ ಆಯಿತು. 2016ರ ಜನವರಿಯಿಂದಲೇ ಪೂರ್ವಾನ್ವಯ, ಅರಿಯರ್ಸ್ ಸಮೇತ. ನನಗೆ ಹೊಟ್ಟೆಕಿಚ್ಚಿಲ್ಲ. ಹೊಟ್ಟೆ ತುಂಬಿದ ಜಡ್ಜ್ ಪ್ರಾಮಾಣಿಕವಾಗಿ ಇರೋದು ಸುಲಭ. ಕೆಳಹಂತದ ನ್ಯಾಯಾಧೀಶರಿಗೆ ಮರ್ಯಾದೆಯ ಸಂಬಳ ಬೇಕು ಅಂತ ಹೇಳಿದ ಮೊದಲ ರಾಷ್ಟ್ರೀಯ ವೇತನ ಆಯೋಗದ ಅಧ್ಯಕ್ಷರು ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಅದು ನ್ಯಾಯವಾದ ಮಾತು.

ಆದರೆ ಸಂಬಳದ ಕಾನೂನಿನ ಜೊತೆಗೆ ಬರಬೇಕಿದ್ದ ಲೆಕ್ಕದ ಕಾನೂನು ಎಲ್ಲಿ? ಕಾನೂನು ಮಂತ್ರಿಯಾಗಿದ್ದ ನಮ್ಮ ವೀರಪ್ಪ ಮೊಯ್ಲಿಯವರು 2010ರ ಡಿಸೆಂಬರ್‌ನಲ್ಲಿ ನ್ಯಾಯಾಂಗ ಉತ್ತರದಾಯಿತ್ವ ಮಸೂದೆ ಮಂಡಿಸಿದರು. ಅದರಲ್ಲಿ ದೂರು ನೋಡೋಕೆ ಸಮಿತಿ ಇತ್ತು, ಆಸ್ತಿ ಘೋಷಣೆ ಕಡ್ಡಾಯ ಇತ್ತು. ಸುಳ್ಳು ದೂರು ಕೊಟ್ಟವರಿಗೆ ಜೈಲು ಅಂತಲೂ ಇತ್ತು, ಅದು ಬಡವರ ಬಾಯಿ ಮುಚ್ಚಿಸೋ ಕಲಂ. ತಿದ್ದಬಹುದಿತ್ತು. 2012ರಲ್ಲಿ ಲೋಕಸಭೆ ಪಾಸ್ ಮಾಡಿತು, ರಾಜ್ಯಸಭೆಯಲ್ಲಿ ಉಳೀತು, 2014ರಲ್ಲಿ ಲೋಕಸಭೆ ವಿಸರ್ಜನೆ ಆದಾಗ ಸತ್ತೋಯ್ತು. ಆಮೇಲೆ ಬಂದ ಸರ್ಕಾರ ಅದನ್ನ ಎಬ್ಬಿಸಲಿಲ್ಲ. ಜಡ್ಜ್‌ಗಳ ಆಸ್ತಿ ಘೋಷಣೆಗೆ ಕಾನೂನು ತನ್ನಿ ಅಂತ 2023ರಲ್ಲಿ ಸಂಸದೀಯ ಸಮಿತಿಯೇ ಹೇಳಿತು. ಸಂಬಳದ ಫೈಲು ಓಡ್ತದೆ, ಲೆಕ್ಕದ ಫೈಲು ಕೂತಲ್ಲೇ ಕೂರ್ತದೆ. ಇದರಲ್ಲಿ ಎರಡೂ ದೊಡ್ಡ ಪಕ್ಷಗಳು ಅಣ್ಣತಮ್ಮಂದಿರು.

ಹಾಗಾದ್ರೆ ಈಗ ಏನಿದೆ? ಎರಡು ದಾರಿ ಇದೆ.

ಒಂದು, ಮಹಾಭಿಯೋಗ. ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ, ಆಮೇಲೆ ಮೂವರ ವಿಚಾರಣಾ ಸಮಿತಿ, ಆಮೇಲೆ ಎರಡೂ ಸದನದಲ್ಲಿ ಮೂರನೇ ಎರಡರಷ್ಟು ಮತ. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ವಿರುದ್ಧ ವಿಚಾರಣಾ ಸಮಿತಿಯೇ ತಪ್ಪು ಕಂಡಿತ್ತು. ಲೋಕಸಭೆಯಲ್ಲಿ 196 ಜನ ಪರವಾಗಿ ಮತ ಹಾಕಿದ್ರು, ವಿರುದ್ಧ ಒಬ್ಬರೂ ಇಲ್ಲ, ಕಾಂಗ್ರೆಸ್ಸಿನ ಕಡೆಯ 205 ಜನ ಕೈಕಟ್ಟಿ ಕೂತ್ರು. ಅಲ್ಲಿಗೆ ಮುಗೀತು.

ಎರಡು, ಆಂತರಿಕ ವಿಚಾರಣೆ. 1999ರಲ್ಲಿ ಸುಪ್ರೀಂ ಕೋರ್ಟು ತಾನೇ ಮಾಡಿಕೊಂಡಿದ್ದು. ಜಡ್ಜ್ ಮೇಲಿನ ದೂರನ್ನ ಜಡ್ಜ್‌ಗಳೇ ನೋಡ್ತಾರೆ. ದೂರು ಕೊಟ್ಟವನ ಕೈಗೆ ವರದಿ ಸಿಗೋ ಖಾತ್ರಿ ಇಲ್ಲ. ಹೆಚ್ಚು ಅಂದ್ರೆ ರಾಜೀನಾಮೆ ಕೊಡಿ ಅಂತ ಸಲಹೆ, ಇಲ್ಲ ಕೆಲಸ ಹಿಂದಕ್ಕೆ ತಗೋಳೋದು. ಅದಕ್ಕೂ ಮುಂಚೆ ವರ್ಗಾವಣೆ. 2025ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ನ್ಯಾಯಮೂರ್ತಿ ಯಶವಂತ್ ವರ್ಮಾ ಅವರ ಸರ್ಕಾರಿ ಬಂಗಲೆಯಲ್ಲಿ ಬೆಂಕಿ ಬಿದ್ದು, ಸುಟ್ಟ ನೋಟು ಸಿಕ್ಕ ಸುದ್ದಿ ಬಂತಲ್ಲ, ದುಡ್ಡು ತನ್ನದಲ್ಲ ಅಂತ ಅವರು ಹೇಳಿದ್ರು. ಮೊದಲು ಆಗಿದ್ದು ಏನು? ಅಲಹಾಬಾದಿಗೆ ವರ್ಗಾವಣೆ. ಗುಮಾಸ್ತನಾಗಿ ನನಗೆ ಇದು ಚೆನ್ನಾಗಿ ಗೊತ್ತು. ಒಂದೂರಿನ ತಲೆನೋವನ್ನ ಇನ್ನೊಂದೂರಿಗೆ ಕಳಿಸೋದಕ್ಕೆ ಶಿಸ್ತು ಕ್ರಮ ಅನ್ನಲ್ಲ. ಅದೇ ವರ್ಷದ ಜನವರಿಯಲ್ಲಿ ಲೋಕಪಾಲ ಸಂಸ್ಥೆ, ಹೈಕೋರ್ಟ್ ಜಡ್ಜ್‌ಗಳೂ ನಮ್ಮ ವ್ಯಾಪ್ತಿಗೆ ಬರ್ತಾರೆ ಅಂದಿತ್ತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು.

ಈಗ ನಮ್ಮ ವಿಷಯಕ್ಕೆ ಬರೋಣ. ಯಾಕೆಂದ್ರೆ ನಮ್ಮ ಗೆಳೆಯರೇ ಕೆಲವರು ಹೇಳ್ತಾರೆ, "ಇದನ್ನೆಲ್ಲಾ ಮುಟ್ಟಬೇಡ ಕಣೋ. ಕೋರ್ಟಿನಲ್ಲಿ ನಮ್ಮವರು ಇರೋದೇ ಬೆರಳೆಣಿಕೆ. ಕಾನೂನು ಬಂದ್ರೆ ಮೊದಲು ಅವರನ್ನೇ ಹಿಡೀತಾರೆ."

ಬೆರಳೆಣಿಕೆ ನಿಜ. 2018ರಿಂದ ಹೈಕೋರ್ಟುಗಳಿಗೆ ನೇಮಕವಾದ 715 ಜಡ್ಜ್‌ಗಳಲ್ಲಿ ಎಸ್‌ಸಿ 22, ಎಸ್‌ಟಿ 16 ಅಂತ 2025ರ ಮಾರ್ಚ್‌ನಲ್ಲಿ ಸರ್ಕಾರವೇ ಪಾರ್ಲಿಮೆಂಟಿಗೆ ಹೇಳಿದೆ. ಹಿಡೀತಾರೆ ಅನ್ನೋ ಭಯವೂ ಸುಳ್ಳಲ್ಲ. ಆದರೆ ಕಾನೂನು ಇಲ್ಲದಾಗ ಬಿಟ್ಟುಬಿಟ್ರಾ?

ನ್ಯಾಯಮೂರ್ತಿ ಕರ್ಣನ್ ಅವರನ್ನ ನೆನಪು ಮಾಡ್ಕೊಳ್ಳಿ. 2017ರ ಜನವರಿಯಲ್ಲಿ 20 ಜಡ್ಜ್‌ಗಳ ಹೆಸರು ಬರೆದು ಭ್ರಷ್ಟಾಚಾರದ ಆರೋಪ ಮಾಡಿದ್ರು. ಮೇ 9ಕ್ಕೆ ನ್ಯಾಯಾಂಗ ನಿಂದನೆ ಅಂತ ಆರು ತಿಂಗಳು ಜೈಲು ಶಿಕ್ಷೆ ಆಯಿತು. ಸೇವೆಯಲ್ಲಿರೋ ಹೈಕೋರ್ಟ್ ಜಡ್ಜ್‌ಗೆ ಜೈಲು ಅಂದದ್ದು ಅದೇ ಮೊದಲು, ಅದೂ ದಲಿತ ಜಡ್ಜ್‌ಗೆ. ಕರ್ಣನ್ ಮಾಡಿದ್ದೆಲ್ಲಾ ಸರಿ ಅಂತ ನಾನು ಹೇಳಲ್ಲ. ಆಮೇಲೆ ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತಂತೂ ಒಪ್ಪೋ ಹಾಗೇ ಇಲ್ಲ. ಆದರೆ ಆ 20 ಹೆಸರಿನ ಪಟ್ಟಿ ನಿಜವೋ ಸುಳ್ಳೋ ಅಂತ ತೆರೆದ ಬಾಗಿಲಲ್ಲಿ ನೋಡೋ ಒಂದು ಕಚೇರಿ ಈ ದೇಶದಲ್ಲಿ ಇರಲಿಲ್ಲ.

ಇನ್ನೊಂದು, ನನಗೆ ನಾಚಿಕೆ ತರೋ ವಿಷಯ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ಪಿ.ಡಿ. ದಿನಕರನ್. 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೆಸರು ಹೋದಾಗ, ತಮಿಳುನಾಡಿನ ಕಾವೇರಿರಾಜಪುರಂನಲ್ಲಿ ಸರ್ಕಾರಿ ಜಮೀನು ಒತ್ತುವರಿ ಮಾಡಿದ್ದಾರೆ ಅಂತ ಆರೋಪ ಬಂತು. ದಲಿತರು ಅಂತಲೇ ತುಳೀತಿದ್ದಾರೆ ಅಂತ ನಮ್ಮಲ್ಲಿ ಎಷ್ಟೋ ಜನ ಕೂಗಿದ್ವಿ. ನಾನೂ ಕೂಗಿದ್ದೆ. ಆ ಜಮೀನಿನ ಆಸುಪಾಸು ತುಂಡು ಭೂಮಿ ಇಲ್ಲದೆ ಬದುಕೋ ಜನ ಯಾರು ಅಂತ ಆವತ್ತು ನಾನು ಕೇಳಲಿಲ್ಲ. ಅವರೂ ನಮ್ಮವರೇ ಇರಬಹುದು ಅಂತ ಹೊಳೀಲೇ ಇಲ್ಲ.

ಮುಂದೆ ಏನಾಯ್ತು? ಸಿಕ್ಕಿಂಗೆ ವರ್ಗಾವಣೆ, 2011ರಲ್ಲಿ ರಾಜೀನಾಮೆ, ಅಲ್ಲಿಗೆ ವಿಚಾರಣೆ ಬಂದ್. ಆರೋಪ ಸಾಬೀತೂ ಆಗಲಿಲ್ಲ, ಸುಳ್ಳು ಅಂತಲೂ ಆಗಲಿಲ್ಲ. ಅವರು ತಪ್ಪಿತಸ್ಥರಾಗಿದ್ರೆ ಊರಿನ ಬಡವರಿಗೆ ಅನ್ಯಾಯ. ನಿರಪರಾಧಿ ಆಗಿದ್ರೆ ಅವರಿಗೇ ಅನ್ಯಾಯ. ಕಾನೂನು ಇಲ್ಲದ ಕಡೆ ಶಿಸ್ತು ಅನ್ನೋದು ಬಲ ಇದ್ದವರ ಮರ್ಜಿ. ಮರ್ಜಿ ಯಾವತ್ತೂ ನಮ್ಮ ಕಡೆ ಇರಲ್ಲ, ಇದನ್ನ ಊರಬಾಗಿಲಲ್ಲೇ ಕಲಿತವರು ನಾವು. ಬರೆದಿಟ್ಟ ಕಾನೂನು ಬೇಕಾಗಿರೋದು ಬಲ ಇಲ್ಲದವನಿಗೆ. ಸಂವಿಧಾನ ಬೇಕಾಗಿದ್ದೂ ಅದಕ್ಕೇ ಅಲ್ವಾ?

ಒಂದು ಸ್ಪಷ್ಟನೆ. ತೀರ್ಪು ಹಿಡಿಸಲಿಲ್ಲ ಅಂತ ಜಡ್ಜ್ ಮೇಲೆ ದೂರು ಹಾಕೋ ಕಾನೂನು ನಾನು ಕೇಳ್ತಿಲ್ಲ. ಕಂಬಾಲಪಲ್ಲಿಯಲ್ಲಿ 2000ನೇ ಇಸವಿಯಲ್ಲಿ ನಮ್ಮ ಏಳು ಜನರನ್ನ ಸುಟ್ಟರು, ಆರೋಪಿಗಳೆಲ್ಲಾ ಬಿಡುಗಡೆ ಆದ್ರು. ಆ ಉರಿ ಇನ್ನೂ ಎದೇಲಿದೆ. ಆದರೂ ಅದಕ್ಕೆ ದಾರಿ ಮೇಲ್ಮನವಿ, ಹೋರಾಟ. ತೀರ್ಪಿಗೆ ಶಿಕ್ಷೆ ಅಂತ ಶುರುವಾದ್ರೆ, ನಾಳೆ ಮರಕುಂಬಿ ಕೇಸಲ್ಲಿ 98 ಜನರಿಗೆ ಜೀವಾವಧಿ ಕೊಟ್ಟ ಕೊಪ್ಪಳದ ಕೋರ್ಟಿನಂಥ ಕೋರ್ಟಿಗೇ ಮೊದಲ ಏಟು ಬೀಳೋದು. ನಾನು ಕೇಳ್ತಿರೋದು ನಡತೆಯ ಲೆಕ್ಕ: ಲಂಚ, ಆಸ್ತಿ, ಕುರ್ಚಿ ಮೇಲೆ ಕೂತು ಜಾತಿ, ಧರ್ಮದ ಮಾತು. 2024ರಲ್ಲಿ ನಮ್ಮದೇ ಹೈಕೋರ್ಟಿನ ಜಡ್ಜ್ ಒಬ್ಬರು ಬೆಂಗಳೂರಿನ ಒಂದು ಬಡಾವಣೆಯನ್ನ ಪಾಕಿಸ್ತಾನ ಅಂದ್ರು, ವಿಡಿಯೋ ಹರಿದಾಡಿತು, ವಿಷಾದ ಹೇಳಿದ್ರು, ಸುಪ್ರೀಂ ಕೋರ್ಟು ಕೇಸು ಮುಗಿಸಿತು. ಕ್ಯಾಮೆರಾ ಇಲ್ಲದಿದ್ರೆ ಅಷ್ಟೂ ಆಗ್ತಿರಲಿಲ್ಲ.

ಬೇಕಾಗಿರೋದು ಇಷ್ಟು.

1. ನಾನು ತುಂಬೋ ಹಾಗೆ ಅವರೂ ವರ್ಷಕ್ಕೊಮ್ಮೆ ಆಸ್ತಿ ಪಟ್ಟಿ ಕೊಡಲಿ, ಜನರ ಕಣ್ಣಿಗೆ ಕಾಣಲಿ. 2025ರ ಮೇನಲ್ಲಿ ಸುಪ್ರೀಂ ಕೋರ್ಟಿನ ಜಡ್ಜ್‌ಗಳ ಆಸ್ತಿ ವಿವರ ವೆಬ್‌ಸೈಟಿಗೆ ಬಂತು, ಆಕಾಶ ಬೀಳಲಿಲ್ಲ. ಅದು ಕಾನೂನಾಗಲಿ.

2. ದೂರಿಗೆ ಒಂದು ಖಾಯಂ ಸಂಸ್ಥೆ. ಮಂತ್ರಿಗಳು ಇರಬಾರದು, ಬರೀ ಜಡ್ಜ್‌ಗಳೂ ಇರಬಾರದು. ಎಸ್‌ಸಿ, ಎಸ್‌ಟಿ, ಮಹಿಳಾ ಸದಸ್ಯರು ಕಡ್ಡಾಯ. ಗಡುವು ಇರಲಿ.

3. ಎಚ್ಚರಿಕೆಯಿಂದ ಹಿಡಿದು ವಜಾ ತನಕ ಮೆಟ್ಟಿಲು ಮೆಟ್ಟಿಲಾಗಿ ಶಿಕ್ಷೆ. ರಾಜೀನಾಮೆ ಕೊಟ್ರೆ ವಿಚಾರಣೆ ನಿಲ್ಲಬಾರದು.

4. ವರದಿ ಬಹಿರಂಗ ಆಗಬೇಕು. ನಿರಪರಾಧಿ ಅಂತ ಆದ್ರೂ ಅದು ಬಹಿರಂಗ ಆಗಬೇಕು.

ಈ ಕಾನೂನು ಮಾಡೋ ಅಧಿಕಾರ ಪಾರ್ಲಿಮೆಂಟಿನದು, ವಿಧಾನಸೌಧದ್ದಲ್ಲ. ಆದರೆ 211ನೇ ವಿಧಿ ತಡೆಯೋದು ಜಡ್ಜ್ ನಡತೆಯ ಚರ್ಚೆಯನ್ನ, ಕಾನೂನು ಬೇಕು ಅನ್ನೋ ನಿರ್ಣಯವನ್ನಲ್ಲ. ಸಂಬಳ ಕೊಡೋ ರಾಜ್ಯ ಅಷ್ಟಾದ್ರೂ ಕೇಳಬಹುದು. ನಿಮ್ಮ ಎಂಎಲ್‌ಎ, ಎಂಪಿ ಜಯಂತಿಗೆ ಹಾರ ಹಾಕೋಕೆ ಬಂದಾಗ ಹಾರ ಹಿಡಿದುಕೊಂಡೇ ಕೇಳಿ.

ಮುಖ್ಯ ನ್ಯಾಯಮೂರ್ತಿಯೂ ಕೊನೆಗೆ ಮನುಷ್ಯನೇ, ನಮ್ಮೆಲ್ಲರ ದೌರ್ಬಲ್ಯ ಅವರಿಗೂ ಇರ್ತವೆ ಅಂತ 1949ರಲ್ಲಿ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೇ ಎಚ್ಚರಿಸಿದ್ರು. ಮನುಷ್ಯರನ್ನ ನಂಬೋಣ, ಲೆಕ್ಕವನ್ನೂ ಕೇಳೋಣ.

ನೌಕರಿ ಇದೆ, ಹೆಂಡತಿ ಮಕ್ಕಳಿದ್ದಾರೆ, ಅದಕ್ಕೇ ಪ್ರತಿ ಮಾತನ್ನೂ ಅಳೆದು ತೂಗಿ ಬರೆದಿದ್ದೀನಿ. ಇದಕ್ಕೆ ನನಗೆ ನೋಟಿಸ್ ಬಂದ್ರೂ ಬರಬಹುದು. ಗುಮಾಸ್ತನಿಗೆ ನೋಟಿಸ್ ಕಳಿಸೋ ವಿಳಾಸ ಎಲ್ಲರಿಗೂ ಗೊತ್ತು. ಆ ಹುಡುಗ ಕೇಳಿದ ವಿಳಾಸ ಮಾತ್ರ ಇನ್ನೂ ಬರೆದಿಲ್ಲ. ಬರೆಸೋಣ.

ಜೈ ಭೀಮ್. ಜೈ ಸಂವಿಧಾನ.